ಬ್ಲೇಡಿಗೆ ಸಿಕ್ಕ ಹದಿಮೂರು ಹಾಳೆ

ಅಂತಿಮ ಬಿ.ಎಸ್ಸಿ.ಯಲ್ಲಿ ನಮಗೆ ಪರಮಾಣು ಭೌತಶಾಸ್ತ್ರ ಹೇಳುತ್ತಿದ್ದ ಮೇಷ್ಟ್ರಿಗೆ ಒಂದು ಗೀಳಿತ್ತು. ಯಾವ ಸಮೀಕರಣ ಬರೆದರೂ ಕರಿಹಲಗೆಯ ಬಲಮೂಲೆಯಲ್ಲಿ ಅದು ಮೊದಲು ಅಚ್ಚಾದ ಪತ್ರಿಕೆ, ಸಂಪುಟ, ಪುಟ, ಇಸವಿ ಇಷ್ಟನ್ನೂ ಬರೆಯುತ್ತಿದ್ದರು. ಪರೀಕ್ಷೆಗೆ ಬಾರದ ಆ ಮೂಲೆಯನ್ನು ನಾವ್ಯಾರೂ ಬರೆದುಕೊಳ್ಳುತ್ತಿರಲಿಲ್ಲ. ನೀಲ್ಸ್ ಬೋರ್ ಅವರ ಪರಮಾಣು ಮಾದರಿಯ ದಿನ ಮಾತ್ರ ಯಾಕೋ ನಾನು ಬರೆದುಕೊಂಡೆ: ಫಿಲಾಸಫಿಕಲ್ ಮ್ಯಾಗಜೀನ್, 26, 1, 1913.

ನಮ್ಮ ಕಾಲೇಜು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಆ ಪತ್ರಿಕೆಯ ಹಳೆಯ ಸಂಪುಟಗಳಿದ್ದದ್ದು ಹಳೆಯ ವಿದ್ಯಾರ್ಥಿಗಳಾದ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ಅಟೆಂಡರ್ ಏಣಿ ಹತ್ತಿ, ಗೊಣಗುತ್ತಲೇ ಇಳಿಸಿಕೊಟ್ಟರು. ಬೆನ್ನಿನ ಮೇಲಿನ ಚಿನ್ನದ ಅಕ್ಷರ ಅರ್ಧ ಅಳಿಸಿತ್ತು. ತೆರೆದೆ. ಪರಿವಿಡಿಯಾದ ಮೇಲೆ ನೇರವಾಗಿ 27ನೆಯ ಪುಟ! ಹೊಲಿಗೆಯ ಬುಡದಲ್ಲಿ ಬೆರಳಾಡಿಸಿದರೆ ಸಣ್ಣ ಅಂಚುಗಳು ತಾಗಿದವು. ಎಣಿಸಿದೆ, ಹದಿಮೂರು. ಯಾರೋ ಪುಣ್ಯಾತ್ಮ ಬ್ಲೇಡಿನಿಂದ ಬೋರ್ ಅವರನ್ನು ಎತ್ತಿಕೊಂಡು ಹೋಗಿದ್ದ. ಲೇಖನ ಮುಗಿಯುವುದು 25ನೆಯ ಪುಟಕ್ಕೆ. ಅದರ ಹಿಂಬದಿಯ ಜೊತೆ ಪಕ್ಕದವರ ಲೇಖನದ ತಲೆಯೂ ಹೋಗಿತ್ತು, ಪಾಪ. ಬೋರ್ ಅದೇ ವಿಷಯವನ್ನು ಮೂರು ಕಂತಿನಲ್ಲಿ ಬರೆದಿದ್ದರು. ಸೆಪ್ಟೆಂಬರಿನ ಎರಡನೆಯ ಕಂತು, ನವೆಂಬರಿನ ಮೂರನೆಯದು ಅದೇ ಸಂಪುಟದಲ್ಲಿ ಮುಟ್ಟದೆ ಉಳಿದಿದ್ದವು. ಕಳ್ಳನಿಗೆ ಪಠ್ಯಕ್ರಮದಲ್ಲಿದ್ದದ್ದು ಮಾತ್ರ ಬೇಕಿತ್ತು.

ಮೇಷ್ಟ್ರಿಗೆ ಹೇಳಿದಾಗ ನಕ್ಕರು. ಆ ಲೇಖನ ತೀರಾ ಉದ್ದವಾಯಿತು, ಒಂದಿಷ್ಟು ಕತ್ತರಿಸುತ್ತೇನೆ ಎಂದು, ಅದನ್ನು ಪತ್ರಿಕೆಗೆ ಕಳುಹಿಸಬೇಕಿದ್ದ ಬೋರ್ ಅವರ ಗುರು ರುದರ್‌ಫರ್ಡ್ ಹಟ ಹಿಡಿದಿದ್ದರಂತೆ. ಬೋರ್ ಕೋಪನ್‌ಹೇಗನ್ನಿನಿಂದ ಮ್ಯಾಂಚೆಸ್ಟರಿಗೇ ಹೋಗಿ, ಸಂಜೆಗಟ್ಟಲೆ ವಾದಿಸಿ ಒಂದೊಂದು ಪ್ಯಾರಾವನ್ನೂ ಉಳಿಸಿಕೊಂಡರು. "ರುದರ್‌ಫರ್ಡ್ ಕೈಲಾಗದ್ದನ್ನು ನಮ್ಮ ಹುಡುಗ ಮಾಡಿದ್ದಾನೆ" ಎಂದರು ಮೇಷ್ಟ್ರು.

ಇಪ್ಪತ್ತು ವರ್ಷದ ಮೇಲೆ ಕೆಲಸದ ನಿಮಿತ್ತ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿದ್ದೆ. ಒಂದು ಮಳೆಯ ಮಧ್ಯಾಹ್ನ ನಮ್ಮ ಭೌತವಿಜ್ಞಾನಿ ಸತ್ಯೇಂದ್ರನಾಥ ಬೋಸರ 1924ರ ಲೇಖನವನ್ನು ಹುಡುಕಿದೆ. ಅದೂ 26ನೆಯ ಸಂಪುಟವೇ, ಪತ್ರಿಕೆ ಮಾತ್ರ ಬೇರೆ: ತ್ಸೈಟ್‌ಶ್ರಿಫ್ಟ್ ಫ್ಯೂರ್ ಫಿಸೀಕ್. ಪರದೆಯ ಮೇಲೆ ನಾಲ್ಕು ಪುಟ ತೆರೆದುಕೊಂಡವು. ಮೇಲೆ "ಬೋಸ್, ಢಾಕಾ ವಿಶ್ವವಿದ್ಯಾಲಯ, ಭಾರತ". ಕೊನೆಯಲ್ಲಿ ಅನುವಾದಕರ ಟಿಪ್ಪಣಿ, ಅನುವಾದಕರು ಐನ್‌ಸ್ಟೈನ್. ಕಾಸು ಕೇಳಲಿಲ್ಲ, ಗುಪ್ತಪದವನ್ನೂ ಕೇಳಲಿಲ್ಲ. ಅಲ್ಲಿನ ಗ್ರಂಥಪಾಲಕಿ ಸಂಗತಿ ಬಿಡಿಸಿ ಹೇಳಿದರು. ಡಿಎಫ್‌ಜಿ ಎಂಬ ಅವರ ಸಂಶೋಧನಾ ಪ್ರತಿಷ್ಠಾನ 2004ರಿಂದ ಹಣ ಕೊಟ್ಟು, ಇಂಥ ಹಳೆಯ ಸಂಚಿಕೆಗಳ ಭಂಡಾರಗಳನ್ನು ಇಡೀ ದೇಶಕ್ಕೆ ಒಟ್ಟಾಗಿ, ಶಾಶ್ವತವಾಗಿ ಕೊಂಡುಕೊಳ್ಳುತ್ತಿತ್ತು. ವಿಶ್ವವಿದ್ಯಾಲಯದ ನಂಟೇ ಇಲ್ಲದೆ ಆ ದೇಶದಲ್ಲಿ ವಾಸವಿದ್ದವರೂ ಹೆಸರು ನೋಂದಾಯಿಸಿ ಓದಬಹುದಿತ್ತು. ಪ್ರಕಾಶಕರ ಅಂಗಡಿ ಮುಚ್ಚಿದರೂ ಓದು ನಿಲ್ಲದಂತೆ ಕಡತಗಳ ಪ್ರತಿಯೂ ತಮ್ಮ ಕೈಗೆ ಬರಬೇಕೆಂಬ ಷರತ್ತು ಬೇರೆ.

ಆ ಸಂಜೆಯೇ ಫಿಲಾಸಫಿಕಲ್ ಮ್ಯಾಗಜೀನ್ ಹುಡುಕಿದೆ. 1798ರ ಮೊದಲ ಸಂಪುಟದಿಂದ ಎಲ್ಲವೂ ಇತ್ತು. 26ನೆಯದರ ಒಂದನೆಯ ಪುಟದಲ್ಲಿ, ಅಡಿಟಿಪ್ಪಣಿಯಲ್ಲಿ, ಕಳುಹಿಸಿಕೊಟ್ಟವರು ಪ್ರೊ. ರುದರ್‌ಫರ್ಡ್ ಎಂದಿತ್ತು. ಓದುತ್ತಾ ಹೋದಂತೆ ಪಠ್ಯಪುಸ್ತಕದ ಬೋರ್ ಕಾಣಿಸಲೇ ಇಲ್ಲ. ನಾವು ಮೊದಲ ಸಾಲಿಗೇ ಉರುಹೊಡೆದಿದ್ದ ಕೋನೀಯ ಸಂವೇಗದ ನಿಯಮದಿಂದ ಅವರು ಹೊರಡುವುದೇ ಇಲ್ಲ. ಎಲೆಕ್ಟ್ರಾನಿನ ಪರಿಭ್ರಮಣ ಆವೃತ್ತಿಯ, ಅಂದರೆ ಅದು ಸೆಕೆಂಡಿಗೆ ಸುತ್ತುವ ಸುತ್ತುಗಳ, ಅರ್ಧವನ್ನು ಹಿಡಿದು, ತಡವರಿಸುತ್ತಾ ಲೆಕ್ಕ ಕಟ್ಟುತ್ತಾರೆ. ನಿಯಮ ಆಮೇಲೆ, ಹೀಗೂ ಹೇಳಬಹುದು ಎಂಬಂತೆ ಬರುತ್ತದೆ. ಮೇಷ್ಟ್ರು ಮೂಲೆಯಲ್ಲಿ ಬರೆಯುತ್ತಿದ್ದದ್ದು ಯಾಕೆಂದು ಅವತ್ತು ತಿಳಿಯಿತು.

ಊರಿಗೆ ಮರಳಿದ ಮೇಲೆ ನಾನು ಪಾಠ ಮಾಡುತ್ತಿದ್ದ ಕಡೆ ಗ್ರಂಥಾಲಯ ಸಮಿತಿಯಲ್ಲಿ ಕೂರಿಸಿದರು. ಒಂದು ಏಪ್ರಿಲಿನಲ್ಲಿ ಚಂದಾ ಹಣ ತಡವಾಯಿತು. ಬೆಳಗಾಗುವುದರೊಳಗೆ ಪರದೆಯ ಮೇಲಿನ ಪತ್ರಿಕೆಗಳೆಲ್ಲ ಮಾಯ. ಹಿಂದಿನ ವರ್ಷಗಳಿಗೆ ಕೊಟ್ಟಿದ್ದ ಹಣಕ್ಕೆ ಲೆಕ್ಕವೇ ಇಲ್ಲ. ಕಾಗದದ ಕಾಲದಲ್ಲಿ ಚಂದಾ ನಿಂತರೆ ಹೊಸ ಸಂಚಿಕೆ ಬರುತ್ತಿರಲಿಲ್ಲ, ಅಷ್ಟೇ. ಇದ್ದದ್ದನ್ನು ಯಾರೂ ಬಂದು ಹೊತ್ತೊಯ್ಯುತ್ತಿರಲಿಲ್ಲ. ಭಂಡಾರವನ್ನೇ ಕೊಳ್ಳೋಣ, ಒಮ್ಮೆ ದೊಡ್ಡ ಮೊತ್ತ, ಆಮೇಲೆ ವರ್ಷಕ್ಕಿಷ್ಟು ನಿರ್ವಹಣಾ ಶುಲ್ಕ ಎಂದು ನಾನು ಟಿಪ್ಪಣಿ ಬರೆದೆ. "ನೂರು ವರ್ಷದ ಹಳೇ ಪತ್ರಿಕೆಗೆ ಲಕ್ಷಗಟ್ಟಲೆಯೇ?" ಎಂದರು ಲೆಕ್ಕಪತ್ರದವರು. ಮನೆ ವಿಚಾರಕ್ಕೆ ಬಂದರೆ ಬಾಡಿಗೆ, ಭೋಗ್ಯ, ಕ್ರಯ ಮೂರರ ವ್ಯತ್ಯಾಸವೂ ಅವರಿಗೆ ಅಂಗೈ ನೆಲ್ಲಿ. ಟಿಪ್ಪಣಿ ಕಡತದಲ್ಲೇ ಉಳಿಯಿತು.

ಈಗ ಕೇಂದ್ರ ಸರ್ಕಾರದ ‘ಒಂದು ರಾಷ್ಟ್ರ, ಒಂದು ಚಂದಾ’ ಬಂದಿದೆ: 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, ಸುಮಾರು 13,000 ಪತ್ರಿಕೆಗಳು. ಸಣ್ಣ ಊರಿನ ಸರ್ಕಾರಿ ಕಾಲೇಜಿನ ಹುಡುಗಿಯೂ ಓದಬಹುದು ಎಂಬುದು ನನಗೆ ನಿಜವಾಗಿ ಸಂತೋಷದ ಸಂಗತಿ. ಆದರೂ ಹೆಸರಿನಲ್ಲೇ ಇರುವುದು ಚಂದಾ. ಅಷ್ಟು ಹಣದಲ್ಲಿ ಒಂದು ಪಾಲನ್ನಾದರೂ ಹಳೆಯ ಸಂಪುಟಗಳ ಕ್ರಯಕ್ಕೆ ಎತ್ತಿಡಬಾರದೇ ಎಂದು ನನ್ನ ಜೀವ ಕೇಳುತ್ತದೆ.

ಕಳೆದ ವರ್ಷ ಕಾಲೇಜಿಗೆ ಬಂದಾಗ, ಜರ್ಮನಿಯಲ್ಲಿ ಮುದ್ರಿಸಿಟ್ಟುಕೊಂಡಿದ್ದ ಆ ಪುಟಗಳನ್ನು ತಂದಿದ್ದೆ. ಈಗಿನ ಗ್ರಂಥಪಾಲಕರು ಸಂಪುಟವನ್ನು ಹುಡುಕಿ, ಧೂಳು ಕೊಡವಿ, ಹಾಳೆಗಳ ಅಂಚು ಕತ್ತರಿಸಿ ಅಳತೆಗೆ ತಂದು, ಆ ಹದಿಮೂರು ಅಂಚುಗಳಿಗೆ ಗೋಂದು ಹಚ್ಚಿ ಅಂಟಿಸಿದರು. ಒಂದನೆಯ ಪುಟಕ್ಕೆ ನೇರಳೆ ಮೊಹರು ಒತ್ತಿದರು. ಕಳುವಾದರೆ ಗುರುತು ಹಿಡಿಯಲು ನಮ್ಮ ಗ್ರಂಥಾಲಯಕ್ಕೊಂದು ಗುಟ್ಟಿನ ಪುಟವೂ ಇದೆಯಂತೆ. ಎಲ್ಲ ಪುಸ್ತಕಗಳಲ್ಲೂ ಆ ಸಂಖ್ಯೆಯ ಪುಟದಲ್ಲಿ ಎರಡನೆಯ ಮೊಹರು. ನನಗೆ ಬೆನ್ನು ತಿರುಗಿಸಿ ಅದನ್ನೂ ಒತ್ತಿದರು. ನಾನು ನೋಡಿಬಿಟ್ಟೆ. ಯಾವ ಪುಟವೆಂದು ಇಲ್ಲಿ ಬರೆಯುವುದಿಲ್ಲ. ಬ್ಲೇಡಿನವನೂ ನಮ್ಮ ಹಳೆಯ ವಿದ್ಯಾರ್ಥಿಯೇ, ಈ ಸಂಚಿಕೆ ಅವನಿಗೂ ಹೋಗುತ್ತದೆ.