ಏನು ತಿಂದು ವಾಸಿಯಾಯ್ತು ಅಂತ ಕೇಳುವವರಿಗೆ

ಮದುವೆಮನೆಯಲ್ಲಿ, ಸೊಸೈಟಿ ಬಾಗಿಲಲ್ಲಿ, ಸಾಗರದ ಬಸ್ಸಲ್ಲಿ, ಎಲ್ಲಿ ಸಿಕ್ಕಿದರೂ ಜನ ಇದನ್ನೇ ಕೇಳುತ್ತಾರೆ. "ಅಕ್ಕಾ, ಕ್ಯಾನ್ಸರ್ ವಾಸಿಯಾಗಕ್ಕೆ ಏನು ತಿಂದ್ರಿ?" ಹಿತ್ತಿಲಲ್ಲಿ ಸೊಪ್ಪು ತರಕಾರಿ ಬೆಳೆಯುವವಳು ಅಂತ ಗೊತ್ತಲ್ವಾ, ಅದರಲ್ಲೇ ಏನೋ ಗುಟ್ಟಿದೆ ಅನ್ನುವ ನಂಬಿಕೆ.

ಉತ್ತರ ಚಿಕ್ಕದು. ನನಗೆ ಆಗಿದ್ದು ಸ್ತನ ಕ್ಯಾನ್ಸರ್. ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಆಯಿತು, ಈಗ ದಿನಾ ಒಂದು ಮಾತ್ರೆ ನಡೆಯುತ್ತಿದೆ. ಕಾಯಿಲೆ ನೋಡಿಕೊಂಡಿದ್ದು ಅವು, ತಂಬುಳಿ ಅಲ್ಲ. ಹಿತ್ತಿಲು, ಅಡುಗೆಮನೆ ಮಾಡಿದ ಕೆಲಸ ಬೇರೆ. ಅಷ್ಟೆಲ್ಲ ಔಷಧಿ ತಡೆದುಕೊಳ್ಳಬೇಕಾದರೆ ಹೊಟ್ಟೆಗೆ ನಾಲ್ಕು ತುತ್ತು ಇಳಿಯಬೇಕು, ಅದನ್ನು ಇಳಿಸಿದ್ದು ಅವು. ಕೀಮೋ ಮಾಡಿಸಿಕೊಂಡವರನ್ನು ಕೇಳಿ, ಅದು ಎಂಥ ದೊಡ್ಡ ಕೆಲಸ ಅಂತ ಹೇಳುತ್ತಾರೆ.

ನನ್ನ ಕೀಮೋ ಶುರುವಾಗಿದ್ದು ಆರಿದ್ರಾ ಮಳೆ ಹಿಡಿದಾಗ. ಮೂರು ವಾರಕ್ಕೊಂದು. ಮೊದಲ ವಾರ ಬರೀ ವಾಕರಿಕೆ. ಬಾಯಲ್ಲಿ ತುಕ್ಕು ಹಿಡಿದ ಮೊಳೆ ಇಟ್ಟುಕೊಂಡ ಹಾಗೆ. ಒಳಗೆ ಸಾಸಿವೆ ಸಿಡಿದರೆ ನಾನು ಜಗಲಿಗೆ ಓಡಬೇಕು. ಬಿಸಿ ಅಡುಗೆಯ ಹಬೆ ಜೊತೆ ವಾಸನೆ ಏಳುತ್ತದೆ, ತಣ್ಣಗಿದ್ದರೆ ವಾಸನೆ ಕಮ್ಮಿ, ಅದಕ್ಕೇ ತಣ್ಣಗಿನದನ್ನು ತಿಂದು ನೋಡಿ ಅಂತ ಆಸ್ಪತ್ರೆಯ ಡಯಟೀಷಿಯನ್ ಹೇಳಿದ್ದರು. ತಣ್ಣಗಿನದು ಅಂದರೆ ಮಲೆನಾಡಿನವರಿಗೆ ಇನ್ನೇನು ಹೊಳೆಯುತ್ತದೆ? ತಂಬುಳಿ!

ದೊಡ್ಡಪತ್ರೆಯದ್ದು ಹೀಗೆ. ಹತ್ತು ಹನ್ನೆರಡು ಎಲೆ ಚೆನ್ನಾಗಿ ತೊಳೆಯಿರಿ. ಒಂದು ಚಮಚ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸು ಹುರಿದು, ಅದಕ್ಕೇ ಎಲೆ ಹಾಕಿ. ನೀರು ಬಿಟ್ಟುಕೊಂಡು, ಹಸಿರು ಹೋಗಿ, ಬಾಣಲೆಗೆ ಅಂಟುವ ಹಾಗೆ ಮುದುಡುತ್ತದೆ, ಅಲ್ಲಿಯವರೆಗೂ ಬಾಡಿಸಬೇಕು. ಆರಿದ ಮೇಲೆ ಒಂದು ಹಿಡಿ ಕಾಯಿತುರಿ ಜೊತೆ ನುಣ್ಣಗೆ ರುಬ್ಬಿ, ಮಜ್ಜಿಗೆ, ಉಪ್ಪು ಸೇರಿಸಿ. ಬಾಯಿ ಹುಣ್ಣಾಗಿದ್ದರೆ ಕಾಳುಮೆಣಸು ಬಿಡಿ, ಮಜ್ಜಿಗೆ ಹುಳಿ ಇರಬಾರದು. ಬಾಡಿಸುವುದನ್ನು ಮಾತ್ರ ಬೇರೆಯವರು ಮಾಡಲಿ. ನಮ್ಮಲ್ಲಿ ಅತ್ತೆ ಮಾಡುತ್ತಿದ್ದರು, ನಡುಮನೆ ಬಾಗಿಲು ಹಾಕಿಕೊಂಡು.

ಎರಡನೇ ವಾರ ಬಿಳಿ ರಕ್ತಕಣ ಇಳಿಯುತ್ತದೆ, ಸೋಂಕು ಬೇಗ ತಗಲುತ್ತದೆ. ಆಗ ಹಸಿ ಸೊಪ್ಪು ಬೇಡ ಅಂತ ಡಾಕ್ಟರ್ ಕಟ್ಟುನಿಟ್ಟಾಗಿ ಹೇಳಿದ್ದರು. ಒಂದೆಲಗವನ್ನು ನಾವು ಹಸಿಯಾಗಿಯೇ ರುಬ್ಬುವುದು, ಅದೂ ಕೆರೆದಂಡೆಯಿಂದ ಕಿತ್ತಿದ್ದು, ಹಾಗಾಗಿ ಅದಕ್ಕೆ ರಜೆ. ಗೊಬ್ಬರಗುಂಡಿ ಕಡೆಗೂ ಹೋಗುವ ಹಾಗಿರಲಿಲ್ಲ. ಕೊಳೆತ ದರಕಿನಲ್ಲಿ ಬೂಸ್ಟು ಇರುತ್ತದೆ, ಕೆದಕಿದರೆ ಅದರ ಧೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಆರೋಗ್ಯವಾಗಿರುವವರಿಗೆ ಸಾಮಾನ್ಯವಾಗಿ ಏನೂ ಆಗಲ್ಲ, ಆ ವಾರ ನನಗೆ ಆಗಬಹುದಿತ್ತು. ಕಿಟಕಿಯಲ್ಲಿ ಕೂತು ಹೀರೆಬಳ್ಳಿಗೆ ಹಗ್ಗ ಎಲ್ಲಿ ಕಟ್ಟಬೇಕು ಅಂತ ನಮ್ಮನೆಯವರಿಗೆ ಕೂಗಿ ಹೇಳುವುದಷ್ಟೇ ನನ್ನ ತೋಟಗಾರಿಕೆ. ಅವರಿಗೆ ಗಂಟು ಹಾಕಲು ಬರಲ್ಲ, ಅದು ಬೇರೆ ಮಾತು.

ಮೂರನೇ ವಾರ ನಾಲಿಗೆ ಮತ್ತೆ ನನ್ನದಾಗುತ್ತಿತ್ತು. ಆಷಾಢದಲ್ಲಿ ಆ ವಾರಕ್ಕೇ ಅಂತ ಕಾದು ಕೆಸುವಿನೆಲೆಯ ಪತ್ರೊಡೆ ಮಾಡಿಸಿಕೊಂಡು ತಿಂದೆ. ಹುಣ್ಣಿರುವ ಬಾಯಿಗೆ ಕೆಸುವಿನ ತುರಿಕೆ ಬೇಡವೇ ಬೇಡ.

ಮಳೆ ಮುಗಿಯುವ ಹೊತ್ತಿಗೆ ಔಷಧಿ ಬದಲಾಯಿತು. ಪ್ಯಾಕ್ಲಿಟ್ಯಾಕ್ಸೆಲ್. ವಾಕರಿಕೆ ಕಮ್ಮಿ, ಆದರೆ ಬೆರಳ ತುದಿ ಜೋಮು ಹಿಡಿದು ಹೋಯಿತು. ಮೆಟ್ಟುಗತ್ತಿ ಹತ್ತಿರ ಅತ್ತೆ ಬಿಡಲಿಲ್ಲ. ಹರಿವೆ ಬೀಜ ಬಿತ್ತಲು ಹೋದರೆ ಬೆರಳಲ್ಲಿ ಬೀಜ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ, ಎಳ್ಳಿಗಿಂತ ಸಣ್ಣದು ತಾನೇ. ಒಣ ಮರಳಿಗೆ ಕಲಸಿ ಎರಚಿದೆ. ಕಂಕುಳಿನ ಗಂಟು ತೆಗೆದಿದ್ದರಿಂದ ಎಡಗೈ ಊದುವ ಭಯ ಈಗಲೂ ಇದೆ. ಮುಳ್ಳು ಚುಚ್ಚಿ ಕೀವಾದರೆ ಕಷ್ಟ. ಅದಕ್ಕೇ ಬದನೆ ಕೊಯ್ಯಲೂ ಗ್ಲೌಸ್ ಹಾಕುತ್ತೇನೆ, ನೋಡಿದವರು ನಗಲಿ ಬಿಡಿ.

"ಇಂಗ್ಲಿಷ್ ಔಷಧಿ ಯಾಕೆ, ಗಿಡಮೂಲಿಕೆ ಇತ್ತಲ್ಲ" ಅನ್ನುವವರೂ ಇದ್ದಾರೆ. ಅವರಿಗೆ ಹೇಳುವುದು ಇಷ್ಟೇ. ಈ ಪ್ಯಾಕ್ಲಿಟ್ಯಾಕ್ಸೆಲ್ ಬಂದಿದ್ದೇ ಮರದ ತೊಗಟೆಯಿಂದ. 1962ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ಕಾಡಲ್ಲಿ ಯೂ ಅನ್ನುವ ಮರದ ತೊಗಟೆ ತಂದರು. ಅದರಲ್ಲಿದ್ದ ಸತ್ವ ಏನು ಅಂತ ಬಿಡಿಸಿ 1971ರಲ್ಲಿ ಪ್ರಕಟಿಸಿದವರಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ ಮನ್ಸುಖ್ ವಾನಿ ಒಬ್ಬರು. ಅಂಗಳದ ನಿತ್ಯಪುಷ್ಪದಿಂದಲೂ ಮಕ್ಕಳ ರಕ್ತ ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್ ಬರುತ್ತದೆ. ಹಾಗಂತ ಆ ಎಲೆ ಕುದಿಸಿ ಕುಡಿದರೆ ಅದು ಔಷಧಿಯಾಗಲ್ಲ, ವಿಷ. ಒಂದಿಷ್ಟು ಔಷಧಿಗೆ ರಾಶಿ ರಾಶಿ ಎಲೆ ಬೇಕು, ಅಳತೆ ಒಂಚೂರು ತಪ್ಪಿದರೂ ನರಕ್ಕೆ ಹೊಡೆತ.

ಲಕ್ಷ್ಮಣಫಲ ತಂದುಕೊಟ್ಟವರಂತೂ ಲೆಕ್ಕವಿಲ್ಲ. ಹಣ್ಣು ರುಚಿಯಾಗಿದೆ, ಒಂದು ಹೋಳು ತಿಂದೆ. ಪ್ರಯೋಗಾಲಯದಲ್ಲಿ ಕ್ಯಾನ್ಸರ್ ಕೋಶ ಕೊಂದಿತು ಅನ್ನುವುದು ನಿಜ, ಆದರೆ ಗಾಜಿನ ತಟ್ಟೆಯೂ ಮನುಷ್ಯನ ಮೈಯೂ ಒಂದೇ ಅಲ್ಲ. ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು, ಎಲೆಯ ಕಷಾಯ ತುಂಬಾ ಬಳಸುವವರಲ್ಲಿ ಮೈ ಬಿಗಿದು ನಡುಗುವ ಪಾರ್ಕಿನ್ಸನ್ ತರಹದ ಕಾಯಿಲೆ ಜಾಸ್ತಿ ಕಾಣುತ್ತಿದೆ ಅಂತ 1999ರಲ್ಲೇ ವೈದ್ಯರು ಬರೆದಿದ್ದಾರೆ. ದಿನಾ ಕಷಾಯ ಮಾಡಿ ಕುಡಿಯಿರಿ ಅನ್ನುವವರಿಗೆ ಈಗ ಇದನ್ನೇ ಹೇಳುತ್ತೇನೆ.

ಬೇಸಿಗೆಗೆ ರೇಡಿಯೇಷನ್ ಮುಗಿದಿತ್ತು. ಸುಟ್ಟ ಚರ್ಮಕ್ಕೆ ಬಿಸಿಲು ಬೀಳಬಾರದು, ಹಾಗಾಗಿ ಹಪ್ಪಳ ಒಣಗಿಸುವ ಕೆಲಸ ನನಗಿಲ್ಲ. ಅಪ್ಪೆಮಿಡಿ ಮಾತ್ರ ಒಳಗೆ ಕೂತು ಮಾಡುವ ಕೆಲಸ. ಒಂದೊಂದೇ ಮಿಡಿ ಒರೆಸಿ, ತೊಟ್ಟು ಮುರಿಯದ ಹಾಗೆ, ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ತೊಟ್ಟಿನ ಸೊನೆಯ ಪರಿಮಳಕ್ಕೆ ಬಾಯಲ್ಲಿ ನೀರೂರಿತು. ಭರಣಿ ಎತ್ತಿಟ್ಟಿದ್ದು ಮಾತ್ರ ನಮ್ಮನೆಯವರು.

ಇದು ನನ್ನ ಪಟ್ಟಿ, ನಿಮ್ಮವರದ್ದಲ್ಲ. ಕೆಲವು ಕೀಮೋದಲ್ಲಿ ತಣ್ಣಗಿನದು ಮುಟ್ಟಲೇಬಾರದು, ಬೆರಳು, ಗಂಟಲೆಲ್ಲ ಜುಂ ಅನ್ನುತ್ತದೆ. ಅಂಥವರಿಗೆ ನನ್ನ ತಂಬುಳಿ ಹೇಳಬೇಡಿ. ಹುಷಾರಿಲ್ಲದವರ ಮನೆಗೆ ಹೋಗುವುದಾದರೆ ಮೊದಲು ಫೋನ್ ಮಾಡಿ, ಇವತ್ತು ಏನು ಸೇರುತ್ತದೆ ಅಂತ ಕೇಳಿ. ಗಂಜಿ ಅಂದರೆ ಗಂಜಿ ಒಯ್ಯಿರಿ. ಹಿತ್ತಿಲಲ್ಲಿ ಕಳೆ ಎದ್ದಿದ್ದರೆ ಅರ್ಧ ಗಂಟೆ ಕಿತ್ತು ಕೊಡಿ. ಡಬ್ಬಿ ವಾಪಸ್ ಕೇಳಬೇಡಿ, ನಿಧಾನಕ್ಕೆ ಬರುತ್ತದೆ.