ಹೊಟ್ಟೆಯ ಮೇಲಿನ ಗೆರೆ

‘ಹಿಂದಿನ ಎಲ್‌ಎಸ್‌ಸಿಎಸ್, ಅಡ್ಡ ಗಾಯ.’ ಕಳೆದ ಮೇ ತಿಂಗಳ ಒಂದು ರಾತ್ರಿ ಕೇಸ್‌ಶೀಟಿನಲ್ಲಿ ನಾನು ಬರೆದ ಈ ಸಾಲು ಇಂದಿಗೂ ನನ್ನನ್ನು ಚುಚ್ಚುತ್ತದೆ. ಎಲ್‌ಎಸ್‌ಸಿಎಸ್ ಎಂದರೆ ಗರ್ಭಕೋಶದ ಕೆಳಭಾಗವನ್ನು ಕೊಯ್ದು ಮಾಡುವ ಸಿಸೇರಿಯನ್. ನಾನು ಕಂಡ ಗಾಯ ಚರ್ಮದ ಮೇಲಿನದು. ಗರ್ಭಕೋಶವನ್ನು ಹೇಗೆ ಕೊಯ್ದಿದ್ದರೆಂದು ನನಗೆ ಗೊತ್ತೇ ಇರಲಿಲ್ಲ.

ಕಲಬುರಗಿ ಜಿಲ್ಲೆಯ ತಾಲ್ಲೂಕು ಆಸ್ಪತ್ರೆಯೊಂದರ ಹೆರಿಗೆ ಕೋಣೆಯಲ್ಲಿ ಹನ್ನೊಂದು ವರ್ಷಗಳಿಂದ ಸಿಸ್ಟರ್ ಆಗಿದ್ದೇನೆ. ಅಂದು ರಾತ್ರಿ ಹನ್ನೊಂದಾದರೂ ಗೋಡೆಗಳು ಕಾವು ಬಿಡುತ್ತಿದ್ದವು. ನೋವು ಶುರುವಾದ ಸೊಸೆಯನ್ನು ಅತ್ತೆ ಕರೆತಂದರು. ಗಂಡ ಪುಣೆಯಲ್ಲಿ ಕಟ್ಟಡ ಕೆಲಸಕ್ಕಿದ್ದ. ಮೂರು ವರ್ಷದ ಹಿಂದೆ ಅಲ್ಲಿಯೇ ಅವಳಿಗೆ ಮೊದಲ ಸಿಸೇರಿಯನ್ ಆಗಿತ್ತು. ತಾಯಿ ಕಾರ್ಡಿನಲ್ಲಿ ಅದಕ್ಕೆ ಒಂದೇ ಗುರುತು, ‘ಎಲ್‌ಎಸ್‌ಸಿಎಸ್’.

ಈ ಸಲ ಸಹಜ ಹೆರಿಗೆಯೇ ಆಗಲಿ ಎಂಬುದು ಅವಳ ಆಸೆ. ಮೊದಲ ಬಾಣಂತನದಲ್ಲಿ ಮೂರು ತಿಂಗಳು ಕೊಡ ಎತ್ತಲಾಗಲಿಲ್ಲ, ಕೂಲಿ ಹೋಯಿತು ಎಂದಳು. ಆಗ ಏಕೆ ಆಪರೇಷನ್ ಮಾಡಿದರು ಎಂದೆ. ಮಗು ಅಡ್ಡ ಇತ್ತಂತೆ. ಇದು ಒಳ್ಳೆಯ ಲಕ್ಷಣ ಎಂದುಕೊಂಡೆ. ಅಂದಿನ ಕಾರಣ ಇಂದಿಲ್ಲ, ಈ ಮಗುವಿನ ತಲೆ ಕೆಳಗಿದೆ, ಗರ್ಭಕೋಶದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿದೆ. ಆದರೆ ಅಡ್ಡ ಮಲಗಿದ ಮಗುವನ್ನು ತೆಗೆಯುವಾಗಲೇ ಕೆಲವೊಮ್ಮೆ ಗರ್ಭಕೋಶವನ್ನು ಮೇಲಕ್ಕೂ ಕೊಯ್ಯಬೇಕಾಗುತ್ತದೆ. ಓದಿದ್ದೆ, ಆ ರಾತ್ರಿ ನೆನಪಾಗಲಿಲ್ಲ.

“ಗಾಯ ಯಾವುದು?” ಎಂದು ಡ್ಯೂಟಿ ಡಾಕ್ಟರ್ ಮೇಡಂ ಫೋನಿನಲ್ಲಿ ಕೇಳಿದರು. “ಅಡ್ಡ, ಮೇಡಂ.” “ಡಿಸ್ಚಾರ್ಜ್ ಕಾಗದ?” “ಪುಣೆಯಲ್ಲಿದೆಯಂತೆ.” ಅವರು ಬಂದು ನೋಡಿದರು. ನೋವು ಹೆಚ್ಚಿಸುವ ಡ್ರಿಪ್ ಬೇಡ, ಕಾಯೋಣ ಎಂದು ಡ್ಯೂಟಿ ಕೋಣೆಗೆ ಹೋದರು. ನಾನು ಹೆರಿಗೆಯ ಪ್ರಗತಿ ಗುರುತಿಸುವ ಪಾರ್ಟೋಗ್ರಾಫ್ ಹಾಳೆ ತುಂಬುತ್ತಾ ಕುಳಿತೆ. ಮಗುವಿನ ಎದೆಬಡಿತವನ್ನು ಸತತವಾಗಿ ದಾಖಲಿಸುವ ಸಿಟಿಜಿ ಯಂತ್ರಕ್ಕೆ ಫೆಬ್ರವರಿಯಿಂದ ಕಾಗದದ ಸುರುಳಿ ಇರಲಿಲ್ಲ. ಮೂರು ಸಲ ಇಂಡೆಂಟ್ ಬರೆದಿದ್ದೆ, ಮೂರು ಸಲವೂ ‘ಬರುತ್ತದೆ’ ಎಂಬ ಉತ್ತರ. ಹೀಗಾಗಿ ಆಗಾಗ ಹೊಟ್ಟೆಯ ಮೇಲಿಟ್ಟು ಬಡಿತ ಕೇಳುವ ಡಾಪ್ಲರ್ ಒಂದೇ ಗತಿ.

ಒಂದೂವರೆಗೆ ಅವಳ ನಾಡಿ 104. ಎರಡಕ್ಕೆ 118. ಸೆಖೆ, ಹೆದರಿಕೆ ಎಂದುಕೊಂಡು ಹಣೆಗೆ ಒದ್ದೆ ಬಟ್ಟೆ ಹಾಕಿದೆ. “ಸಿಸ್ಟರ್, ನೋವು ಬಿಟ್ಟಾಗಲೂ ಹಳೆಯ ಗಾಯದ ಹತ್ತಿರ ಉರಿಯುತ್ತದೆ” ಎಂದಳು. “ಹೆರಿಗೆ ನೋವೆಂದರೆ ಹಾಗೆಯೇ, ತಂಗಿ” ಎಂದೆ. ಆಗಲೇ ಮೇಡಂ ಅವರನ್ನು ಎಬ್ಬಿಸಬೇಕಿತ್ತು.

ಎರಡೂ ಇಪ್ಪತ್ತಕ್ಕೆ ನೋವು ಪೂರ್ತಿ ನಿಂತಿತು. ದಣಿದಿದ್ದಾಳೆ, ತುಸು ಸುಧಾರಿಸಿಕೊಳ್ಳಲಿ ಎಂದು ಬಿಟ್ಟೆ. ಕೋಣೆ ಹಠಾತ್ತನೆ ಶಾಂತವಾಯಿತು, ಆ ಶಾಂತಿಗೆ ನಾನು ಸಮಾಧಾನಪಟ್ಟೆ. ಆರೇಳು ನಿಮಿಷದ ಮೇಲೆ ಡಾಪ್ಲರ್ ಇಟ್ಟರೆ ಮಗುವಿನ ಎದೆಬಡಿತ 88, ತೀರ ಕಡಿಮೆ. ಬ್ಯಾಟರಿ ಇಳಿದಿದೆಯೆಂದು ಬದಲಿಸಿದೆ. ಮತ್ತೆ 84. ತಾಯಿಯ ನಾಡಿಯೇ ಕೇಳುತ್ತಿದೆಯೇ ಎಂದು ಅವಳ ಮಣಿಕಟ್ಟು ಹಿಡಿದೆ. ಅದು 130ರ ಮೇಲೆ ಓಡುತ್ತಿತ್ತು. ಒಳಗೆ ಕೈಹಾಕಿ ಪರೀಕ್ಷೆ (ಪಿವಿ) ಮಾಡಿದೆ. ಕೆಳಗಿಳಿದಿದ್ದ ತಲೆ ಕೈಗೆ ಸಿಗದಷ್ಟು ಮೇಲೆ ಹೋಗಿತ್ತು. ಆಗ ಅರ್ಥವಾಯಿತು. ಕೂಗಿದೆ.

ಅರಿವಳಿಕೆ ವೈದ್ಯರು ಮನೆಯಿಂದ ಬರಲು ಹದಿನಾಲ್ಕು ನಿಮಿಷ. ರಾತ್ರಿ ಅವರು ಆಸ್ಪತ್ರೆಯಲ್ಲಿ ಇರುವುದಿಲ್ಲ, ಇರುವ ವ್ಯವಸ್ಥೆಯೇ ಇಲ್ಲ. ಓಟಿ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದು ನಿಂತ ಆ ಹೊತ್ತು ಅವಳು ನನ್ನ ಕೈ ಬಿಡಲಿಲ್ಲ. ಗರ್ಭಕೋಶದ ಹಳೆಯ ಗಾಯ ಬಿರಿದಿತ್ತು. ಮಗು ಅಳದೆ ಬಂತು, ಬ್ಯಾಗ್ ಒತ್ತಿ ಗಾಳಿ ಕೊಟ್ಟ ಮೇಲೆ ಉಸಿರಾಡಿತು. ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ (ಎಸ್‌ಎನ್‌ಸಿಯು) ಒಂಬತ್ತು ದಿನ ಇತ್ತು. ತಾಯಿಗೆ ಎರಡು ಬಾಟಲಿ ರಕ್ತ ಕೊಟ್ಟೆವು, ಗರ್ಭಕೋಶ ಉಳಿಯಿತು.

ಮರುದಿನ ಸಂಜೆ ಗಂಡ ಬಂದ. ಮೊಬೈಲ್ ತೆರೆದು ಮೂರು ವರ್ಷದ ಹಿಂದಿನ ಡಿಸ್ಚಾರ್ಜ್ ಕಾಗದದ ಫೋಟೊ ತೋರಿಸಿದ. ‘ಇನ್ವರ್ಟೆಡ್ ಟಿ’ ಎಂದು, ಅಂದರೆ ಗರ್ಭಕೋಶವನ್ನು ಅಡ್ಡ ಕೊಯ್ದು ಅದರ ನಡುವಿನಿಂದ ಮೇಲಕ್ಕೂ ಕೊಯ್ದಿದ್ದಾರೆಂದು, ಸ್ಪಷ್ಟವಾಗಿತ್ತು, ಮುಂದಿನ ಹೆರಿಗೆ ಆಪರೇಷನ್ನಿನಿಂದಲೇ ಆಗಬೇಕೆಂದೂ ಇತ್ತು. “ಕೇಳಿದ್ದರೆ ರಾತ್ರಿಯೇ ಕಳುಹಿಸುತ್ತಿದ್ದೆ, ಸಿಸ್ಟರ್” ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಕಾಗದ ಪುಣೆಯಲ್ಲಿದೆ ಎಂದಾಗ ಒಂದು ಫೋನ್ ಮಾಡಿಸಲು ನನಗೆ ತೋಚಿರಲಿಲ್ಲ.

ಇದನ್ನು ಓದಿ ‘ಒಮ್ಮೆ ಸಿಸೇರಿಯನ್ ಆದರೆ ಮುಂದೆಯೂ ಅದೇ’ ಎಂದು ಯಾರೂ ಹೇಳಬಾರದು. ಗರ್ಭಕೋಶದ ಕೆಳಭಾಗದಲ್ಲಿ ಒಂದೇ ಅಡ್ಡ ಗಾಯವಿದ್ದು ಸಹಜ ಹೆರಿಗೆಗೆ ಪ್ರಯತ್ನಿಸಿದವರಲ್ಲಿ 100ಕ್ಕೆ 60ರಿಂದ 80 ಮಂದಿಗೆ ಅದು ಆಗುತ್ತದೆ. ಗಾಯ ಬಿರಿಯುವುದು ಸುಮಾರು 200ರಲ್ಲಿ ಒಬ್ಬರಿಗೆ. ಆಪರೇಷನ್ ಹೆಚ್ಚಿದಷ್ಟೂ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯಕ್ಕೆ ಅಂಟಿಕೊಳ್ಳುವ ಭಯವೂ ಹೆಚ್ಚುತ್ತದೆ. ಅವಳ ಆಸೆ ತಪ್ಪಾಗಿರಲಿಲ್ಲ. ಆದರೆ ಆ ಲೆಕ್ಕ ಅವಳಿಗೆ ಸಲ್ಲುವುದಿಲ್ಲವೆಂದು ಎಂಟನೆಯ ತಿಂಗಳಲ್ಲೇ ಯಾರಾದರೂ ಕಾಗದ ನೋಡಿ ಹೇಳಬೇಕಿತ್ತು. ತಪಾಸಣೆಗೆ ಅವಳು ಐದು ಸಲ ಬಂದಿದ್ದಳು, ಎರಡು ಸಲ ತೂಕ ನೋಡಿದವಳು ನಾನೇ.

ಈಗ ಪ್ರತಿ ತಿಂಗಳ 9ರ ತಪಾಸಣೆಯಲ್ಲಿ ಸಿಸೇರಿಯನ್ ಆದವರನ್ನು ಬೇರೆ ಕೂರಿಸುತ್ತೇನೆ. ಕಾಗದವಿಲ್ಲದಿದ್ದರೆ ಅಲ್ಲಿಂದಲೇ ಗಂಡನಿಗೆ, ತವರಿಗೆ ಫೋನ್ ಮಾಡಿಸುತ್ತೇನೆ. ಸಿಕ್ಕ ಫೋಟೊವನ್ನು ಮುದ್ರಿಸಿ ತಾಯಿ ಕಾರ್ಡಿಗೆ ಅಂಟಿಸುತ್ತೇನೆ. ಮುದ್ರಣದ ದುಡ್ಡು ಸದ್ಯಕ್ಕೆ ನನ್ನದೇ.

ಮಗುವಿಗೆ ಲಸಿಕೆ ಹಾಕಿಸಲು ಅವಳು ಬಂದಿದ್ದಳು. ಮುಂದೆ ಇನ್ನೊಂದು ಮಗು ಬೇಕೆನಿಸಿದರೆ ಆಗಲಾದರೂ ಸಹಜವಾಗಬಹುದೇ ಎಂದು ಕೇಳಿದಳು. ಇಲ್ಲ ತಂಗಿ, ನೋವು ಶುರುವಾಗುವ ಮೊದಲೇ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಗಬೇಕು ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗುವನ್ನು ನನ್ನ ಕೈಗೆ ಕೊಟ್ಟು, ಚೀಲದಿಂದ ತಾಯಿ ಕಾರ್ಡು ತೆಗೆದಳು. “ಹಾಗಾದರೆ ಅದನ್ನು ಇದರಲ್ಲಿ ಬರೆಯಿರಿ, ಸಿಸ್ಟರ್” ಎಂದಳು.