ಮಳೆಗಾಲದ ಬಿಸಿನೀರಿಗೆ ಒಂದು ಹೊಟ್ಟಿನ ಪೆಟ್ಟಿಗೆ

ಕೊಡಗಿನ ಮಳೆಗಾಲದಲ್ಲಿ ನೀರು ಕಾಯಿಸುವುದಕ್ಕಿಂತ ಕಾದ ನೀರನ್ನು ಬೆಳಗಿನವರೆಗೆ ಬಿಸಿಯಾಗಿ ಉಳಿಸಿಕೊಳ್ಳುವುದೇ ಹೆಚ್ಚಿನ ಕೆಲಸ. ಕಕ್ಕಡದ (ಕೊಡವರ ಪಂಚಾಂಗದ ಜೋರು ಮಳೆಯ ತಿಂಗಳು) ಗಾಳಿಗೆ ಎಲ್ಲೋ ಒಂದು ಮರ ಲೈನಿನ ಮೇಲೆ ಬಿದ್ದರೆ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಸೌದೆ ತೇವ ಹಿಡಿದಿರುವುದರಿಂದ ಬೆಳಿಗ್ಗೆ ಒಲೆ ಹೊತ್ತಿಸುವಷ್ಟರಲ್ಲಿ ಕಣ್ಣು ಕೆಂಪಾಗಿರುತ್ತದೆ. ಆದರೆ ರಾತ್ರಿಯ ಅಡುಗೆ ಮುಗಿದ ಮೇಲೂ ಒಲೆಯಲ್ಲಿ ಕೆಂಡ ಉಳಿದೇ ಇರುತ್ತದೆ. ಆ ಕೆಂಡದ ಮೇಲೆ ಐದು ಲೀಟರಿನ ಸ್ಟೀಲ್ ಹಾಲಿನ ಕ್ಯಾನ್ ಇಟ್ಟು ನೀರು ಕುದಿಸಿಕೊಂಡರೆ, ಅದನ್ನು ಕಾಯ್ದಿರಿಸುವ ವ್ಯವಸ್ಥೆಯೊಂದೇ ಬಾಕಿ.

‘ಒಂದು ಫ್ಲಾಸ್ಕ್ ತಂದಿಟ್ಟರೆ ಆಗುವುದಿಲ್ಲವೇ’ ಎಂದು ಪಕ್ಕದ ಮನೆಯ ಅಕ್ಕ ಕೇಳಿದರು. ಒಬ್ಬಿಬ್ಬರ ಕಾಫಿಗೆ ಖಂಡಿತ ಆಗುತ್ತದೆ. ಮನೆಮಂದಿಯೆಲ್ಲ ಬೆಲ್ಲದ ಕಾಫಿ ಕುಡಿದು, ಮುಖ ತೊಳೆದು, ಹಿರಿಯರಿಗೆ ಕುಡಿಯಲು ಬೆಚ್ಚಗಿನ ನೀರೂ ಬೇಕೆಂದರೆ ಸಾಲುವುದಿಲ್ಲ. ಫ್ಲಾಸ್ಕಿನ ಮೂಲವಾದ ಪಾತ್ರೆಯನ್ನು ವಿಜ್ಞಾನಿ ಜೇಮ್ಸ್ ಡ್ಯೂವರ್ 1892ರಲ್ಲಿ ರೂಪಿಸಿದ್ದು ದ್ರವರೂಪದ ಅನಿಲಗಳನ್ನು ತಣ್ಣಗಿಡುವುದಕ್ಕೆ. ಎರಡು ಗೋಡೆಗಳ ನಡುವಿನ ಗಾಳಿಯನ್ನು ಅವನು ಹೊರತೆಗೆದ. ಮನೆಯಲ್ಲಿ ನಾವು ಗಾಳಿಯನ್ನು ತೆಗೆಯಲಾರೆವು, ಅಲುಗಾಡದಂತೆ ಹಿಡಿದಿಡಬಲ್ಲೆವು. ನಿಂತ ಗಾಳಿಯ ಮೂಲಕ ಶಾಖ ಬಹಳ ನಿಧಾನವಾಗಿ ಹರಿಯುತ್ತದೆ. ಹುಲ್ಲು, ಹೊಟ್ಟು, ಕಂಬಳಿ, ಥರ್ಮೋಕೋಲ್ ಇವೆಲ್ಲವೂ ಮಾಡುವುದು ಗಾಳಿಯನ್ನು ಸಣ್ಣ ಸಣ್ಣ ಸಂದುಗಳಲ್ಲಿ ಬಂಧಿಸುವ ಕೆಲಸವನ್ನೇ.

ನಮ್ಮ ಊರಿನ ತೊಡಕು ಇಲ್ಲಿಂದ ಶುರುವಾಗುತ್ತದೆ. ನೀರು ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಶಾಖವನ್ನು ಸಾಗಿಸುತ್ತದೆ. ಆದ್ದರಿಂದ ಸಂದುಗಳಲ್ಲಿ ಗಾಳಿಯ ಬದಲು ತೇವ ಸೇರಿಕೊಂಡರೆ ಎಷ್ಟು ದಪ್ಪನೆಯ ಪದರವಿದ್ದರೂ ಪ್ರಯೋಜನವಿಲ್ಲ. ಬಯಲುಸೀಮೆಯಲ್ಲಿ ಚೆನ್ನಾಗಿ ನಡೆಯುವ ಹುಲ್ಲಿನ ಬುಟ್ಟಿ ಇಲ್ಲಿ ಜುಲೈ ಮುಗಿಯುವ ಮೊದಲೇ ಬೂಷ್ಟು ಹಿಡಿದು ವಾಸನೆ ಬರುತ್ತದೆ. ಕಾಫಿ ಸಿಪ್ಪೆ ತೋಟದ ಮನೆಗಳಲ್ಲಿ ಬೇಕಾದಷ್ಟು ಸಿಗುತ್ತದಾದರೂ ಅದು ತೇವವನ್ನು ಹೀರಿಕೊಳ್ಳುತ್ತದೆ, ಹಾಗಾಗಿ ನನ್ನ ಮಟ್ಟಿಗೆ ಅದು ಗೊಬ್ಬರಕ್ಕೇ ಸರಿ. ಭತ್ತದ ಹೊಟ್ಟಿನ ಗುಣ ಬೇರೆ. ಅದರಲ್ಲಿ ಸಿಲಿಕಾ ಹೆಚ್ಚು. ಬೆರಳುಗಳ ನಡುವೆ ಉಜ್ಜಿದರೆ ಮರಳುಕಾಗದದಂತೆ ತರಿತರಿಯಾಗಿ ತಾಗುವುದು ಅದರಿಂದಲೇ, ಬೇಗ ಕೊಳೆಯದಿರುವುದೂ ಅದರಿಂದಲೇ. ಅಕ್ಕಿ ಗಿರಣಿಯಲ್ಲಿ ಒಂದು ಚೀಲ ಕೇಳಿದರೆ ಸಾಕು.

ಹೊರಗಿನ ಪೆಟ್ಟಿಗೆಗೆ ಮೀನಿನ ಅಂಗಡಿಯವರು ಐಸ್ ತುಂಬಿ ತರಿಸುವ ಥರ್ಮೋಕೋಲ್ ಡಬ್ಬವನ್ನೇ ಬಳಸಬಹುದು. ಸೋಪಿನ ನೀರಿನಿಂದ ತೊಳೆದು ಬಿಸಿಲಿಗಿಟ್ಟರೆ ಮೀನಿನ ವಾಸನೆ ಹೆಚ್ಚುಕಡಿಮೆ ಹೋಗುತ್ತದೆ, ಪೂರ್ತಿ ಹೋಗುತ್ತದೆಂದು ಮಾತು ಕೊಡಲಾರೆ. ಹೊಟ್ಟನ್ನು ಒಲೆಯ ಮೇಲಿನ ಅಟ್ಟದಲ್ಲಿ ಗರಿಗರಿಯಾಗುವಂತೆ ಒಣಗಿಸಿ, ದಪ್ಪ ಪ್ಲಾಸ್ಟಿಕ್ ಚೀಲಗಳಲ್ಲಿ ದಿಂಬಿನಂತೆ ತುಂಬಿ, ಬಾಯಿಯನ್ನು ಮಡಚಿ ಮೇಣದಬತ್ತಿಯ ಜ್ವಾಲೆಗೆ ತೋರಿಸಿ ಅಂಟಿಸಬೇಕು. ಒಂದು ದಿಂಬು ಅಡಿಗೆ, ನಾಲ್ಕು ಸುತ್ತಲೂ, ಎಲ್ಲಕ್ಕಿಂತ ದಪ್ಪನೆಯದು ಮೇಲಕ್ಕೆ. ಕುದಿವ ಕ್ಯಾನ್ ನೇರವಾಗಿ ಥರ್ಮೋಕೋಲಿಗೆ ತಾಗಕೂಡದು, ಅಷ್ಟು ಬಿಸಿಗೆ ಅದು ಮೆತ್ತಗಾಗಿ ಕುಗ್ಗುತ್ತದೆ. ಪ್ಲಾಸ್ಟಿಕ್ಕಿಗೂ ತಾಗದಂತೆ ಕ್ಯಾನಿಗೆ ಹಳೆಯ ಹತ್ತಿ ಬಟ್ಟೆಯನ್ನು ಎರಡು ಸುತ್ತು ಸುತ್ತಿಡುವುದು ಕ್ಷೇಮ.

ಮುಚ್ಚಳದ ವಿಷಯದಲ್ಲಿ ಉದಾಸೀನ ಮಾಡುವವರೇ ಹೆಚ್ಚು. ಕುದಿದ ಒಂದು ಲೀಟರ್ ನೀರಿನಲ್ಲಿ ಹತ್ತು ಗ್ರಾಂ ಆವಿಯಾಗಿ ಹೊರಟರೂ ಉಳಿದ ನೀರಿನ ಬಿಸಿ ಐದು ಡಿಗ್ರಿಗಿಂತ ಹೆಚ್ಚು ಇಳಿಯುತ್ತದೆ. ಜೊತೆಗೆ ಆ ಆವಿ ಪೆಟ್ಟಿಗೆಯೊಳಗೇ ನೀರಾಗಿ ಇಳಿದು ಬಟ್ಟೆಯನ್ನು ತೋಯಿಸುತ್ತದೆ. ರಬ್ಬರ್ ಸುತ್ತಿರುವ ಬಿಗಿ ಮುಚ್ಚಳ ಬೇಕು. ನೀರು ತಣಿದಂತೆ ಒಳಗಿನ ಆವಿಯೂ ನೀರಾಗಿ ಮುಚ್ಚಳವನ್ನು ಒಳಕ್ಕೆಳೆದುಕೊಳ್ಳುವುದರಿಂದ ಬೆಳಿಗ್ಗೆ ತೆಗೆಯಲು ಚಮಚದ ಹಿಡಿ ಹಾಕಿ ಮೀಟಬೇಕಾಗುತ್ತದೆ, ಅಷ್ಟೇ.

ಮಡಿಕೇರಿ ಸುಮಾರು 1,150 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದೇ 96 ಡಿಗ್ರಿಯ ಆಸುಪಾಸಿನಲ್ಲಿ. ಅಲ್ಲಿಂದ ಹೊರಟು, ಕೋಣೆಯ ಉಷ್ಣತೆ 18 ಡಿಗ್ರಿಯೆಂದು ಹಿಡಿದು, ಸುತ್ತ ಐದು ಸೆಂಟಿಮೀಟರ್ ಒಣ ಹೊಟ್ಟಿದೆಯೆಂದು ಲೆಕ್ಕ ಹಾಕಿದರೆ, ಐದು ಲೀಟರ್ ನೀರು ಹತ್ತು ಗಂಟೆಯ ಬಳಿಕವೂ 65 ಡಿಗ್ರಿಗಿಂತ ಮೇಲಿರಬೇಕು. ಪದರವನ್ನು ಇಮ್ಮಡಿ ಮಾಡಿದರೆ ಸಿಗುವ ಲಾಭ ಇನ್ನು ಏಳೆಂಟು ಡಿಗ್ರಿ ಮಾತ್ರ. ಅದಕ್ಕಾಗಿ ಅಡುಗೆಮನೆಯ ಅರ್ಧ ಜಾಗ ಬಿಟ್ಟುಕೊಡುವುದು ನನಗಂತೂ ದಂಡವೆನಿಸುತ್ತದೆ. ಕ್ಯಾನನ್ನು ಪೂರ್ತಿ ತುಂಬಿಸುವುದು ಅದಕ್ಕಿಂತ ಲಾಭ, ಏಕೆಂದರೆ ಸ್ವಲ್ಪ ನೀರಿಗಿಂತ ಹೆಚ್ಚು ನೀರು ನಿಧಾನವಾಗಿ ತಣಿಯುತ್ತದೆ. ಅಲ್ಯೂಮಿನಿಯಂ ಹಾಳೆ ಸುತ್ತುವಂತೆ ಹಲವರು ಹೇಳುತ್ತಾರಾದರೂ, ಹಾಳೆಯ ಮುಂದೆ ಗಾಳಿಯ ತೆರಪಿಲ್ಲದೆ ಹೊಟ್ಟಿಗೆ ಒತ್ತಿಕೊಂಡಿದ್ದರೆ ಅದು ಬರೀ ಅಲಂಕಾರ.

ಈ ಪೆಟ್ಟಿಗೆ ನೀರಿಗೆ ಮಾತ್ರ. ಹಾಲನ್ನೋ ಹಾಲು ಬೆರೆಸಿದ ಕಾಫಿಯನ್ನೋ ಇಟ್ಟರೆ, ಅದು ಉಗುರುಬೆಚ್ಚಗಾಗುವ ಹೊತ್ತಿಗೆ ಕೆಡತೊಡಗುತ್ತದೆ. ಬಟ್ಟೆಯನ್ನು ದಿನವೂ ಬದಲಾಯಿಸಬೇಕು. ಯಾವ ದಿಂಬಿನ ಪ್ಲಾಸ್ಟಿಕ್‌ನ ಒಳಮೈಯಲ್ಲಿ ಹನಿ ಕಾಣಿಸುತ್ತದೋ ಅದು ಎಲ್ಲೋ ತೂತಾಗಿದೆಯೆಂದೇ ತಿಳಿದು, ಹೊಟ್ಟನ್ನು ಮತ್ತೆ ಅಟ್ಟಕ್ಕೆ ಹಾಕಿ ಒಣಗಿಸಬೇಕು.